ಸ್ಟಾರ್ಟಪ್ ಸ್ಥಾಪಕರಾಗಿ ವಿದೇಶಕ್ಕೆ: ತೋಟದ ಮೇಲೆ ಸಾಲ ಮಾಡುವ ಮೊದಲು

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಶಿರಸಿಯಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡು, ಒಣಗಿದ ಅಡಿಕೆಯನ್ನು ಕ್ಯಾಮೆರಾದ ನೆರವಿನಿಂದ ದರ್ಜೆವಾರು ವಿಂಗಡಿಸುವ ಯಂತ್ರ ತಯಾರಿಸಿದ್ದೇವೆ. ಕೆಲವು ಯಂತ್ರಗಳು ಮಾರಾಟವಾಗಿವೆ. ಸಲಹಾ ಸಂಸ್ಥೆಯೊಂದು 28 ಲಕ್ಷ ರೂಪಾಯಿಗೆ ಕೆನಡಾದ ಸ್ಟಾರ್ಟಪ್ ವೀಸಾಕ್ಕೆ ಬೇಕಾದ ಬೆಂಬಲ ಪತ್ರ ತರಿಸಿ, ಎರಡೂ ಕುಟುಂಬಗಳಿಗೆ ಕಾಯಂ ವಾಸದ ಪರವಾನಗಿ ಮಾಡಿಸಿಕೊಡುವುದಾಗಿ ಹೇಳಿದೆ. ನನ್ನ ಖಾತೆಯಿಂದ 2 ಲಕ್ಷ ಮುಂಗಡ ಕೊಟ್ಟಿದ್ದೇನೆ. ಉಳಿದ ಹಣಕ್ಕೆ ತಂದೆಯವರ ಅಡಿಕೆ ತೋಟದ ಮೇಲೆ ಸಾಲ ಪಡೆಯುವ ಯೋಚನೆಯಿದೆ. ಕೆನಡಾ ಸರಿಯೇ? ಬ್ರಿಟನ್ ಅಥವಾ ಅಮೆರಿಕ ಉತ್ತಮವೇ? ನಾವು ಹೋದ ಮೇಲೆ ಇಲ್ಲಿನ ಕಂಪನಿ ಮತ್ತು ತೋಟದ ಗತಿ ಏನು?
– ಓದುಗರು, ಶಿರಸಿ ತಾಲೂಕು

ಉತ್ತರ: ಮೊದಲು ಹಣದ ವಿಷಯ. ಉಳಿದ 26 ಲಕ್ಷವನ್ನು ದಯವಿಟ್ಟು ಕೊಡಬೇಡಿ, ಸಾಲದ ಅರ್ಜಿಗೆ ತಂದೆಯವರ ಸಹಿ ಹಾಕಿಸಬೇಡಿ. ನಿಮಗೆ ತೋರಿಸಿರುವ ಕೆನಡಾದ ಸ್ಟಾರ್ಟಪ್ ವೀಸಾ ಯೋಜನೆಯು ಹೊಸ ಅರ್ಜಿಗಳಿಗೆ 2025ರ ಡಿಸೆಂಬರ್ 31ರಂದೇ ಮುಚ್ಚಿದೆ. ಅಲ್ಲಿನ ಮಾನ್ಯ ಸಂಸ್ಥೆಯಿಂದ 2025ರಲ್ಲಿಯೇ ಬದ್ಧತಾ ಪತ್ರ ಪಡೆದಿದ್ದು ಅರ್ಜಿ ಹಾಕಲು ಬಾಕಿ ಇದ್ದವರಿಗೆ ಮಾತ್ರ 2026ರ ಜೂನ್ 30ರವರೆಗೆ ಸಮಯ ಕೊಡಲಾಯಿತು. ನಿಮ್ಮ ಹೆಸರಿನಲ್ಲಿ ಅಂಥ ಪತ್ರವಿಲ್ಲ. ಉದ್ಯಮಿಗಳಿಗಾಗಿ ಹೊಸದೊಂದು ಪ್ರಾಯೋಗಿಕ ಯೋಜನೆ ತರುವುದಾಗಿ ಆ ಸರ್ಕಾರ ಹೇಳಿದೆಯಾದರೂ, ಬರಲಿರುವ ಯೋಜನೆಯ ಹೆಸರಿನಲ್ಲಿ ಇಂದು ಹಣ ಕೇಳುವವರನ್ನು ನಂಬಬೇಕಾದ ಕಾರಣವಿಲ್ಲ.

ಮುಚ್ಚಿದ ಯೋಜನೆಯ ವಿವರ ಈಗೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಅದು ನಡೆದ ರೀತಿಯನ್ನು ತಿಳಿದುಕೊಂಡರೆ ಉಳಿದ ದೇಶಗಳ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ. 2013ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2018ರಲ್ಲಿ ಕಾಯಂ ಆದ ಆ ಯೋಜನೆಯಲ್ಲಿ, ಸರ್ಕಾರ ಗುರುತಿಸಿದ ಸಂಸ್ಥೆಯೊಂದು ‘ಈ ಉದ್ಯಮಕ್ಕೆ ನಮ್ಮ ಬೆಂಬಲವಿದೆ’ ಎಂದು ಬರೆದುಕೊಡಬೇಕಿತ್ತು. ಆ ಸಂಸ್ಥೆ ವೆಂಚರ್ ಕ್ಯಾಪಿಟಲ್ ನಿಧಿಯಾಗಿದ್ದರೆ ಕನಿಷ್ಠ 2 ಲಕ್ಷ ಕೆನಡಿಯನ್ ಡಾಲರ್, ಏಂಜೆಲ್ ಹೂಡಿಕೆದಾರರ ಗುಂಪಾಗಿದ್ದರೆ ಕನಿಷ್ಠ 75,000 ಡಾಲರ್ ತೊಡಗಿಸಬೇಕಿತ್ತು. ಹೊಸ ಉದ್ಯಮಗಳಿಗೆ ಆರಂಭದಲ್ಲಿ ನೆರವಾಗುವ ಇನ್‌ಕ್ಯುಬೇಟರ್ ಆಗಿದ್ದರೆ ಹಣ ಹಾಕುವ ಕಡ್ಡಾಯವಿರಲಿಲ್ಲ, ತನ್ನ ಕಾರ್ಯಕ್ರಮಕ್ಕೆ ಸೇರಿಸಿಕೊಂಡರೆ ಸಾಕಿತ್ತು. ಪತ್ರ ಮಾರುವವರು ನುಸುಳಿದ್ದು ಈ ಕೊನೆಯ ಬಾಗಿಲಿನಿಂದ. ಅರ್ಜಿಗಳು ರಾಶಿ ಬಿದ್ದವು, ತೀರ್ಮಾನಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. 2024ರಲ್ಲಿ ಒಂದು ಸಂಸ್ಥೆ ವರ್ಷಕ್ಕೆ 10 ಸ್ಟಾರ್ಟಪ್‌ಗಳಿಗಿಂತ ಹೆಚ್ಚಿನವುಗಳಿಗೆ ಪತ್ರ ಕೊಡಬಾರದೆಂಬ ಮಿತಿ ಬಂತು, ಕಡೆಗೆ ಯೋಜನೆಯೇ ನಿಂತಿತು. ಇನ್ನೊಂದು ನಿಯಮವೂ ಇತ್ತು: ಉದ್ಯಮಕ್ಕೆ ಅತ್ಯಗತ್ಯ ಎಂದು ಗುರುತಿಸಲಾದ ಸಹಸ್ಥಾಪಕನ ಅರ್ಜಿ ತಿರಸ್ಕೃತವಾದರೆ ಗುಂಪಿನ ಎಲ್ಲರ ಅರ್ಜಿಯೂ ಬಿದ್ದುಹೋಗುತ್ತಿತ್ತು. ನಿಮ್ಮ ಸಲಹಾ ಸಂಸ್ಥೆ ಇದನ್ನು ನಿಮ್ಮಿಬ್ಬರಿಗೂ ಹೇಳಿರುವಂತೆ ನಿಮ್ಮ ಬರಹದಲ್ಲಿ ಕಾಣುವುದಿಲ್ಲ.

ಸ್ಟಾರ್ಟಪ್ ವೀಸಾ ಎಂಬುದು ನಿಮ್ಮ ಹಣ ನೋಡಿ ಕೊಡುವಂಥದ್ದಲ್ಲ. ಆ ನೆಲದಲ್ಲಿ ಹೆಸರು ಮತ್ತು ಜವಾಬ್ದಾರಿ ಇರುವ ಇನ್ನೊಬ್ಬರು ನಿಮ್ಮ ಉದ್ಯಮಕ್ಕೆ ಜಾಮೀನು ನಿಂತಾಗ ಕೊಡುವಂಥದ್ದು. ಜಾಮೀನು ನಿಲ್ಲುವವರು ಕೇಳುವ ಮೊದಲ ಪ್ರಶ್ನೆ, ಈ ವಸ್ತುವನ್ನು ನಮ್ಮ ದೇಶದಲ್ಲಿ ಕೊಳ್ಳುವವರು ಯಾರು ಎಂಬುದು. ಹಾಗಾಗಿ ‘ಯಾವ ದೇಶ’ ಎಂಬ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು ಯಂತ್ರದ ಹತ್ತಿರ ಹೋಗೋಣ.

ಶಿರಸಿ ಮಾರುಕಟ್ಟೆಯ ವಖಾರಿಯಲ್ಲಿ ಅನುಭವಿಗಳು ಅಡಿಕೆ ನೋಡುವ ಕ್ರಮವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಹಿಡಿ ತುಂಬ ಎತ್ತಿಕೊಂಡು ಬಣ್ಣ ಮತ್ತು ಮೇಲಿನ ಸುಕ್ಕು ನೋಡುತ್ತಾರೆ, ಒಂದೆರಡನ್ನು ಅಡಕತ್ತರಿಗೆ ಕೊಟ್ಟು ಒಳಗಿನ ತಿರುಳು ನೋಡುತ್ತಾರೆ, ಆಮೇಲೆ ಇದು ರಾಶಿ, ಇದು ಬೆಟ್ಟೆ, ಇದು ಕೆಂಪುಗೋಟು, ಇದು ಚಾಲಿ ಎಂದು ಬೇರ್ಪಡಿಸುತ್ತಾರೆ. ನಿಮ್ಮ ಯಂತ್ರ ಕಲಿತಿರುವುದು ಈ ಕಣ್ಣಿನ ಕೆಲಸವನ್ನು. ಅದಕ್ಕೆ ಗಿರಾಕಿಗಳು ಇರುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಶಿವಮೊಗ್ಗ, ದಕ್ಷಿಣ ಕನ್ನಡಗಳಲ್ಲಿ. ಲಂಡನ್ನಿನಲ್ಲಾಗಲಿ ಟೊರಾಂಟೊದಲ್ಲಾಗಲಿ ಇದನ್ನು ಕೊಳ್ಳುವವರಿಲ್ಲ. ಇನ್ನೊಂದು ಅಂಶವೂ ಇದೆ, ನಮ್ಮ ಭಾಗದವರಿಗೆ ಕೇಳಲು ಕಷ್ಟವಾದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿದೆ. ವಿದೇಶದಲ್ಲಿ ನಿಮ್ಮ ಯೋಜನಾ ವರದಿಯನ್ನು ಓದುವವರು ಮೊದಲ ದಿನವೇ ಇದನ್ನು ಹುಡುಕಿ ಓದಿರುತ್ತಾರೆ. ಅಡಿಕೆಯ ಹೆಸರನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಅಡಿಕೆಯಲ್ಲಿ ಪಳಗಿದ ತಂತ್ರ ಬೇರೆ ಬೆಳೆಯಲ್ಲಿ ನಡೆಯುತ್ತದೆಯೇ ಎಂಬುದಕ್ಕೆ ನಿಮ್ಮಲ್ಲಿ ಪುರಾವೆ ಇರಬೇಕು.

ಆ ಪುರಾವೆಗೆ ದೂರ ಹೋಗಬೇಕಾಗಿಲ್ಲ, ಘಟ್ಟ ಇಳಿದರೆ ಕುಮಟಾದ ಗೇರುಬೀಜದ ಕಾರ್ಖಾನೆಗಳಿವೆ. ಗೇರು ತಿರುಳಿನ ದರ್ಜೆ ಜಗತ್ತಿನಾದ್ಯಂತ ಒಂದೇ ಬಗೆಯದು. ಡಬ್ಲ್ಯೂ-180, ಡಬ್ಲ್ಯೂ-240, ಡಬ್ಲ್ಯೂ-320 ಎಂಬ ಸಂಖ್ಯೆಗಳು ಒಂದು ಪೌಂಡಿಗೆ ಎಷ್ಟು ಇಡೀ ತಿರುಳು ತೂಗುತ್ತವೆ ಎಂಬುದನ್ನು ಹೇಳುತ್ತವೆ. ಸಂಖ್ಯೆ ಕಡಿಮೆಯಾದಷ್ಟೂ ತಿರುಳು ದಪ್ಪ, ಬೆಲೆ ಹೆಚ್ಚು. ನಿಮ್ಮ ಕ್ಯಾಮೆರಾ ಈ ದರ್ಜೆಗಳನ್ನು, ಸುಟ್ಟ ಕಲೆಯನ್ನು, ಒಡೆದ ತಿರುಳನ್ನು ಗುರುತಿಸಿ, ಒಂದು ಹಂಗಾಮಿನ ಲೆಕ್ಕವನ್ನು ಕಾರ್ಖಾನೆಯ ಮಾಲೀಕರ ಸಹಿಯೊಂದಿಗೆ ಕೊಟ್ಟರೆ, ಬ್ರಿಟನ್ನಿನಲ್ಲಿ ಗೇರು, ಬಾದಾಮಿ ಆಮದು ಮಾಡಿ ಪೊಟ್ಟಣ ಕಟ್ಟುವವರ ಎದುರು ಇಡಲು ನಿಮಗೊಂದು ಮಾತು ಸಿಗುತ್ತದೆ. ಅಂಥ ಇಬ್ಬರು ಮೂವರು ಆಮದುದಾರರು ‘ಪ್ರಯೋಗಕ್ಕೆ ಸಿದ್ಧ’ ಎಂದು ಬರೆದುಕೊಟ್ಟ ಪತ್ರವು, ನನ್ನ ಲೆಕ್ಕದಲ್ಲಿ, ಯಾವ ಸಲಹೆಗಾರ ಬರೆದ ನೂರು ಪುಟದ ವರದಿಗಿಂತಲೂ ತೂಕದ್ದು.

ಹೀಗೊಂದು ಆಧಾರ ಸಿಕ್ಕ ಮೇಲೆ ಬ್ರಿಟನ್ ಪರಿಶೀಲಿಸಲು ಯೋಗ್ಯವಾದ ದೇಶ. ಅಲ್ಲಿನ ಇನ್ನೊವೇಟರ್ ಫೌಂಡರ್ ವೀಸಾ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಹಿಂದಿನ ವೀಸಾದಲ್ಲಿದ್ದ 50,000 ಪೌಂಡ್ ಹೂಡಿಕೆಯ ಕಡ್ಡಾಯವನ್ನು ಇದರಲ್ಲಿ ಕೈಬಿಡಲಾಗಿದೆ. ಹಾಗೆಂದು ಬರಿಗೈಯಲ್ಲಿ ಹೋಗಬಹುದೆಂದು ಅರ್ಥವಲ್ಲ, ಯೋಜನೆಗೆ ಬೇಕಾದಷ್ಟು ಹಣ ಎಲ್ಲಿಂದ ಬರುತ್ತದೆಂಬುದನ್ನು ತೋರಿಸಲೇಬೇಕು. ಗೃಹ ಇಲಾಖೆ ಮಾನ್ಯ ಮಾಡಿದ ಕೆಲವೇ ಅನುಮೋದಕ ಸಂಸ್ಥೆಗಳಲ್ಲಿ ಒಂದು ನಿಮ್ಮ ಉದ್ಯಮ ಹೊಸತನದ್ದು, ನಡೆಯಬಲ್ಲದ್ದು, ಬೆಳೆಯಬಲ್ಲದ್ದು ಎಂದು ಒಪ್ಪಬೇಕು. ಪರಿಶೀಲನೆಗೆ ಅವರ ಶುಲ್ಕ 1,000 ಪೌಂಡ್. ವೀಸಾ ಸಿಕ್ಕ ಮೇಲೆ ಕನಿಷ್ಠ ಎರಡು ಸಲ, ಸಾಮಾನ್ಯವಾಗಿ 12 ಮತ್ತು 24 ತಿಂಗಳಿಗೆ, ಅವರ ಮುಂದೆ ಕುಳಿತು ಪ್ರಗತಿ ಒಪ್ಪಿಸಬೇಕು. ಪ್ರತಿ ಭೇಟಿಗೆ 500 ಪೌಂಡ್. ಪ್ರಗತಿ ಇಲ್ಲವೆಂದು ಕಂಡರೆ ಅವರು ಅನುಮೋದನೆ ಹಿಂಪಡೆಯಬಹುದು, ಆಗ ವೀಸಾಕ್ಕೂ ಸಂಚಕಾರ ಬರುತ್ತದೆ. ನೀವು ಮತ್ತು ನಿಮ್ಮ ಗೆಳೆಯ ಒಟ್ಟಾಗಿ ಹೋಗಬಹುದು, ಆದರೆ ಇಬ್ಬರಿಗೂ ಪ್ರತ್ಯೇಕ ಅನುಮೋದನೆ ಬೇಕು, ಮತ್ತು ಯೋಜನೆ ರೂಪಿಸುವುದರಲ್ಲಿ ಇಬ್ಬರ ಪಾಲೂ ನಿಜವಾದದ್ದಾಗಿರಬೇಕು. ಬೇರೆಯವರಿಂದ ಬರೆಯಿಸಿದ ವರದಿ ಹಿಡಿದುಕೊಂಡು ಹೋದವರು ಸಂದರ್ಶನದಲ್ಲಿ ಎಡವುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಬಿ-2 ಮಟ್ಟದ ಪುರಾವೆ, 28 ದಿನ ಖಾತೆಯಲ್ಲಿ ಉಳಿದಿರುವ 1,270 ಪೌಂಡ್, ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರ ಬೇಕಾಗುತ್ತವೆ. ಇವು ದೊಡ್ಡ ತೊಡಕಲ್ಲ. ದೊಡ್ಡ ವೆಚ್ಚವೆಂದರೆ ಆರೋಗ್ಯ ಮೇಲ್ಶುಲ್ಕ: ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್, ಮೂರು ವರ್ಷದ್ದನ್ನು ಒಮ್ಮೆಲೇ ಕಟ್ಟಬೇಕು. ಗಂಡ, ಹೆಂಡತಿ ಇಬ್ಬರೇ ಹೋದರೂ ಅದೊಂದೇ 6,210 ಪೌಂಡ್ ಆಗುತ್ತದೆ.

ಮೂರು ವರ್ಷಗಳ ಬಳಿಕ ಕಾಯಂ ವಾಸಕ್ಕೆ ಅರ್ಜಿ ಹಾಕಲು ಅವಕಾಶವಿದೆ ಎಂಬುದು ಈ ವೀಸಾದ ಆಕರ್ಷಣೆ. ಅದಕ್ಕೆ ಕೆಲವು ಮಾನದಂಡಗಳ ಪಟ್ಟಿಯಿಂದ ಕನಿಷ್ಠ ಎರಡನ್ನು ಪೂರೈಸಬೇಕು. ಉದ್ಯಮದಲ್ಲಿ 50,000 ಪೌಂಡ್ ತೊಡಗಿಸಿ ಬಳಸಿರುವುದು, ಸ್ಥಳೀಯರಿಗೆ 10 ಪೂರ್ಣಕಾಲಿಕ ಉದ್ಯೋಗ ಕೊಟ್ಟಿರುವುದು, ವರ್ಷದ ವಹಿವಾಟು 10 ಲಕ್ಷ ಪೌಂಡ್ ಮುಟ್ಟಿರುವುದು, ಸಂಶೋಧನೆ ನಡೆಸಿ ಅಲ್ಲಿ ಬೌದ್ಧಿಕ ಆಸ್ತಿಯ ರಕ್ಷಣೆಗೆ ಅರ್ಜಿ ಹಾಕಿರುವುದು ಇಂಥವು ಅದರಲ್ಲಿವೆ. ನಿಮ್ಮಂಥ ಯಂತ್ರೋದ್ಯಮಕ್ಕೆ ಹೂಡಿಕೆ ಮತ್ತು ಬೌದ್ಧಿಕ ಆಸ್ತಿಯ ಎರಡು ಮಾನದಂಡಗಳು ಉಳಿದವಕ್ಕಿಂತ ಹತ್ತಿರ. ಹಾಗೆಯೇ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಕಾಯಂ ವಾಸದ ಅರ್ಹತೆ ತಪ್ಪುತ್ತದೆ. ಕೊನೆಕೊಯ್ಲಿನ ಹೊತ್ತಿಗೆ ಊರಿಗೆ ಬಂದು ಒಂದೆರಡು ತಿಂಗಳು ಇದ್ದು ಹೋಗುವುದಕ್ಕೆ ಅಡ್ಡಿಯಿಲ್ಲ, ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ಅಲ್ಲಿ ಎಂಬ ಯೋಚನೆ ನಡೆಯುವುದಿಲ್ಲ.

ನೀವು ಕೇಳದಿದ್ದರೂ ನೆದರ್ಲೆಂಡ್ಸ್ ದೇಶವನ್ನು ಗಮನಿಸಿ ಎನ್ನುತ್ತೇನೆ. ಕೃಷಿ ಸಂಶೋಧನೆಗೆ ಜಗತ್ತಿನಲ್ಲಿಯೇ ಹೆಸರಾದ ವಾಗೆನಿಂಗನ್ ವಿಶ್ವವಿದ್ಯಾಲಯ ಅಲ್ಲಿದೆ, ಹಣ್ಣು, ತರಕಾರಿ, ಹೂವುಗಳನ್ನು ಕ್ಯಾಮೆರಾದಿಂದ ವಿಂಗಡಿಸುವ ಉದ್ಯಮ ಅಲ್ಲಿ ಬೇರೂರಿದೆ. ನಿಮ್ಮ ಕೆಲಸ ಏನೆಂದು ವಿವರಿಸದೆಯೇ ಅರ್ಥಮಾಡಿಕೊಳ್ಳುವ ಜನ ಸಿಗುತ್ತಾರೆ, ಪೈಪೋಟಿಯೂ ಅಷ್ಟೇ ಬಲವಾಗಿರುತ್ತದೆ. ಅಲ್ಲಿನ ಸ್ಟಾರ್ಟಪ್ ಪರವಾನಗಿ ಒಂದು ವರ್ಷದ್ದು. ಸರ್ಕಾರದ ಪಟ್ಟಿಯಲ್ಲಿರುವ ಅನುಭವಿ ಮಾರ್ಗದರ್ಶಕ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ವರ್ಷ ಕಳೆದ ಮೇಲೆ ಅದೇ ಸಂಸ್ಥೆಯ ಹೇಳಿಕೆಯ ಆಧಾರದಲ್ಲಿ ಸ್ವಯಂ ಉದ್ಯೋಗದ ಪರವಾನಗಿಗೆ ಬದಲಾಗಬೇಕು. ಆ ಪಟ್ಟಿ ಎಲ್ಲರಿಗೂ ನೋಡಲು ಸಿಗುತ್ತದೆ, ಮಧ್ಯವರ್ತಿಯಿಲ್ಲದೆ ನೀವೇ ಅವರಿಗೆ ಬರೆಯಬಹುದು.

ಅಮೆರಿಕದ ಬಗ್ಗೆ ನಮ್ಮ ಕಡೆ ಇರುವ ಆಸೆ ದೊಡ್ಡದು, ಆದರೆ ಅಲ್ಲಿ ಸ್ಟಾರ್ಟಪ್ ವೀಸಾ ಎಂಬುದೇ ಇಲ್ಲ. ಒಪ್ಪಂದದ ದೇಶಗಳ ಹೂಡಿಕೆದಾರರಿಗೆ ಸಿಗುವ ಇ-2 ವೀಸಾ ಭಾರತೀಯರಿಗೆ ಸಿಗದು, ಏಕೆಂದರೆ ಅದಕ್ಕೆ ಬೇಕಾದ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಅಂತಾರಾಷ್ಟ್ರೀಯ ಉದ್ಯಮಿ ನಿಯಮ ಎಂಬ ಇನ್ನೊಂದು ದಾರಿ 2017ರಲ್ಲಿ ಬಂದದ್ದು. ಅದರಡಿ ಕಂಪನಿ ಅಮೆರಿಕದಲ್ಲಿ ನೋಂದಾಯಿತವಾಗಿರಬೇಕು, ನಿಮ್ಮ ಪಾಲು ಕನಿಷ್ಠ ಶೇ. 10 ಇರಬೇಕು, 2024ರ ಅಕ್ಟೋಬರ್‌ನ ಪರಿಷ್ಕರಣೆಯಂತೆ ಅಲ್ಲಿನ ಅರ್ಹ ಹೂಡಿಕೆದಾರರಿಂದ 3,11,071 ಡಾಲರ್ ಬಂದಿರಬೇಕು. ಇಷ್ಟಾದರೂ ಸಿಗುವುದು 30 ತಿಂಗಳು ಇರಲು ಒಂದು ವಿಶೇಷ ಅನುಮತಿ ಮಾತ್ರ. ಅದು ವೀಸಾ ಅಲ್ಲ, ಅದರಿಂದ ನೇರವಾಗಿ ಗ್ರೀನ್ ಕಾರ್ಡಿಗೆ ದಾರಿಯಿಲ್ಲ. ಸ್ವಂತ ಕಂಪನಿಯಿಂದಲೇ ಎಚ್-1ಬಿ ಎಂಬ ಉದ್ಯೋಗ ವೀಸಾ ಪಡೆಯುವುದನ್ನು 2025ರ ಜನವರಿಯ ನಿಯಮ ಸ್ವಲ್ಪ ಸ್ಪಷ್ಟಗೊಳಿಸಿತಾದರೂ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ನಿಮ್ಮ ಈಗಿನ ಸ್ಥಿತಿಯಲ್ಲಿ ಅಮೆರಿಕಕ್ಕೆ ಸಮಯ ವ್ಯಯಿಸಬೇಡಿ. ಎಸ್ಟೋನಿಯಾದ ಇ-ರೆಸಿಡೆನ್ಸಿ ಜಾಹೀರಾತನ್ನೂ ನೀವು ನೋಡಿರಬಹುದು. ಅದು ಕಂಪನಿ ನಡೆಸಲು ಕೊಡುವ ಡಿಜಿಟಲ್ ಗುರುತಿನ ಚೀಟಿ, ಅದರಿಂದ ಆ ದೇಶದಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ.

ಈಗ ನಮ್ಮ ಕಡೆಯ ಕಾನೂನು. ವೀಸಾ ಸಲಹೆಗಾರರು ಇದರ ಸುದ್ದಿ ಎತ್ತುವುದು ಅಪರೂಪ, ಆದರೆ ಜನರು ಹೆಚ್ಚು ಸಿಕ್ಕಿಬೀಳುವುದು ಇದರಲ್ಲಿಯೇ. ಬ್ರಿಟನ್ನಿನಲ್ಲಿ ಕಂಪನಿ ನೋಂದಾಯಿಸುವುದು ಮನೆಯಲ್ಲಿ ಕುಳಿತು ಮುಗಿಸಬಹುದಾದ ಕೆಲಸ. ಹಾಗೆ ಮಾಡಿ ಒಂದೇ ಒಂದು ಪೌಂಡಿನ ಷೇರನ್ನು ನಿಮ್ಮ ಹೆಸರಿಗೆ ತೆಗೆದುಕೊಂಡರೂ, ಭಾರತದ ನಿವಾಸಿಯಾಗಿ ನೀವು ಮಾಡಿದ್ದು 2022ರ ನಿಯಮಗಳಡಿ ವಿದೇಶಿ ನೇರ ಹೂಡಿಕೆ. ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ, ರಿಸರ್ವ್ ಬ್ಯಾಂಕಿನಿಂದ ವಿಶಿಷ್ಟ ಗುರುತಿನ ಸಂಖ್ಯೆ ಪಡೆದ ಮೇಲೆಯೇ ಹಣ ಕಳುಹಿಸಬೇಕು, ಆರು ತಿಂಗಳೊಳಗೆ ಷೇರು ಪ್ರಮಾಣಪತ್ರ ಒಪ್ಪಿಸಬೇಕು, ನೀವು ಇಲ್ಲಿಯ ನಿವಾಸಿಯಾಗಿರುವವರೆಗೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ವರದಿ ಕೊಡಬೇಕು. ನಮ್ಮ ತಾಲೂಕಿನ ಶಾಖೆಗಳಲ್ಲಿ ಈ ಕೆಲಸ ಅಪರೂಪವಾದ್ದರಿಂದ, ವಿದೇಶಿ ವಿನಿಮಯ ವಿಭಾಗವಿರುವ ಶಾಖೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಕಳುಹಿಸಬಹುದಾದ ಮಿತಿ 2,50,000 ಅಮೆರಿಕನ್ ಡಾಲರ್. ಇಂಥ ಹೂಡಿಕೆಗೆ ಕಳುಹಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20ರಷ್ಟು ತೆರಿಗೆಯನ್ನು ಮುಂಚಿತವಾಗಿ ವಸೂಲು ಮಾಡುತ್ತದೆ. ಆದಾಯ ತೆರಿಗೆ ವಿವರದಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ.

ಸಾಲದ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ನಿಯಮ ಇಲ್ಲಿಯೇ ಇದೆ: ಈ ವ್ಯವಸ್ಥೆಯಡಿ ವಿದೇಶದಲ್ಲಿ ಬಂಡವಾಳ ತೊಡಗಿಸುವುದಕ್ಕೆಂದು ಬ್ಯಾಂಕುಗಳು ವ್ಯಕ್ತಿಗಳಿಗೆ ಸಾಲ ಕೊಡುವಂತಿಲ್ಲ. ತೋಟದ ಮೇಲೆ ಬೆಳೆಸಾಲವನ್ನೋ ಅಭಿವೃದ್ಧಿ ಸಾಲವನ್ನೋ ತೆಗೆದು ವಿದೇಶಿ ಕಂಪನಿಗೆ ತಿರುಗಿಸಿದರೆ ಸಾಲದ ಷರತ್ತನ್ನು ಮುರಿದಂತಾಗುತ್ತದೆ, ಮತ್ತು ಅದರ ಹೊಣೆ ಬರುವುದು ಸಹಿ ಹಾಕಿದ ತಂದೆಯವರ ಮೇಲೆ. ವೀಸಾ ಅಧಿಕಾರಿಗಳು ಹಣದ ಮೂಲ ಕೇಳಿದಾಗಲೂ ಇದೇ ಕಾಗದ ಹೊರಬರುತ್ತದೆ.

ಇಲ್ಲಿನ ಕಂಪನಿಯ ಮಟ್ಟಿಗೆ ಹೇಳುವುದಾದರೆ, 2013ರ ಕಂಪನಿ ಕಾಯ್ದೆಯಂತೆ ಹಣಕಾಸು ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲಿದ್ದ ಒಬ್ಬ ನಿರ್ದೇಶಕರಾದರೂ ಇರಲೇಬೇಕು. ನಿರ್ದೇಶಕರು ನೀವಿಬ್ಬರೇ ಆಗಿದ್ದು ಇಬ್ಬರೂ ಹೊರಟರೆ ಕಂಪನಿ ಕಾನೂನು ತಪ್ಪಿದಂತೆ. ಒಬ್ಬರು ಇಲ್ಲಿಯೇ ಉಳಿಯುವುದು ಅಥವಾ ನಂಬಿಕಸ್ಥ ಮೂರನೆಯವರನ್ನು ನೇಮಿಸುವುದು, ಇವೆರಡರಲ್ಲಿ ಒಂದನ್ನು ಹೊರಡುವ ಮೊದಲೇ ತೀರ್ಮಾನಿಸಿ. ಯಂತ್ರದ ಪೇಟೆಂಟ್ ಬಗ್ಗೆಯೂ ಎಚ್ಚರ ಬೇಕು. ಭಾರತದ ನಿವಾಸಿಯು ಇಲ್ಲಿ ಅರ್ಜಿ ಹಾಕಿ ಆರು ವಾರ ಕಳೆಯುವ ಮೊದಲು, ಪೇಟೆಂಟ್ ಕಚೇರಿಯ ಅನುಮತಿಯಿಲ್ಲದೆ, ಹೊರದೇಶದಲ್ಲಿ ಅರ್ಜಿ ಹಾಕುವಂತಿಲ್ಲ. ಪೇಟೆಂಟ್ ಕಾಯ್ದೆಯ 39ನೇ ಕಲಂ ಇದನ್ನು ನಿಷೇಧಿಸುತ್ತದೆ, ಮುರಿದರೆ ಜೈಲು ಶಿಕ್ಷೆಗೂ ಅವಕಾಶವಿದೆ. ರಾಜ್ಯ ಸರ್ಕಾರ ಸ್ಟಾರ್ಟಪ್‌ಗಳಿಗೆ ಕೊಡುವ ಎಲಿವೇಟ್ ಅನುದಾನ ಪಡೆದಿದ್ದರೆ ಒಪ್ಪಂದದ ಷರತ್ತುಗಳನ್ನು ಪುನಃ ಓದಿ. ಮತ್ತೆ, ಕಂಪನಿಯ ಮಾಲೀಕತ್ವವನ್ನೇ ವಿದೇಶಕ್ಕೆ ವರ್ಗಾಯಿಸಿ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡವೆನ್ನಿ. ಸಿಂಗಪುರದಲ್ಲಿ ನೆಲೆ ಮಾಡಿಕೊಂಡಿದ್ದ ಫೋನ್‌ಪೇ 2022ರಲ್ಲಿ ಭಾರತಕ್ಕೆ ಮರಳಿದಾಗ ಅದರ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ ರೂಪಾಯಿ. ಸ್ಥಾಪಕ ಹೋಗುವುದು ಬೇರೆ, ಕಂಪನಿ ಹೋಗುವುದು ಬೇರೆ. ನೀವು ಬ್ರಿಟನ್ನಿನಲ್ಲಿ ಹೊಸ ಕಂಪನಿ ಮಾಡಿ, ಶಿರಸಿಯ ಕಂಪನಿಯಿಂದ ತಂತ್ರಾಂಶದ ಪರವಾನಗಿ ಪಡೆದು ನಡೆಸಬಹುದು. ಯಂತ್ರ ಇಲ್ಲಿಯೇ ತಯಾರಾಗಲಿ, ಇಲ್ಲಿ ಕೆಲಸಕ್ಕಿರುವ ಹುಡುಗರ ಉದ್ಯೋಗವೂ ಉಳಿಯುತ್ತದೆ.

ತೋಟದ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಉದ್ಯಮ ನಡೆಸಲು ದೇಶ ಬಿಟ್ಟ ಮೇಲೆ ವಿದೇಶಿ ವಿನಿಮಯ ಕಾನೂನಿನ ದೃಷ್ಟಿಯಲ್ಲಿ ನೀವು ಅನಿವಾಸಿ. ಅನಿವಾಸಿ ಭಾರತೀಯರು ಕೃಷಿ ಭೂಮಿ, ಪ್ಲಾಂಟೇಷನ್, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಆದರೆ ನಿವಾಸಿಯಾಗಿದ್ದಾಗ ಬಂದ ಭೂಮಿಯನ್ನು ಇಟ್ಟುಕೊಳ್ಳಬಹುದು, ವಾರಸುದಾರಿಕೆಯಿಂದಲೂ ಉಯಿಲಿನಿಂದಲೂ ಪಡೆಯಬಹುದು, ಮಾರುವುದಾದರೆ ಭಾರತದಲ್ಲಿ ವಾಸಿಸುವ ಭಾರತೀಯ ಪ್ರಜೆಗೆ ಮಾತ್ರ ಮಾರಬೇಕು. ಹಾಗಾಗಿ ತಂದೆಯವರು ಮುಂದೆ ದಾನಪತ್ರ ಮಾಡಿಕೊಡುವ ಯೋಚನೆಯಲ್ಲಿದ್ದರೆ, ಅಥವಾ ಅಣ್ಣತಮ್ಮಂದಿರ ನಡುವೆ ವಿಭಾಗಪತ್ರ ಆಗುವುದಿದ್ದರೆ, ನೀವು ಇಲ್ಲಿರುವಾಗಲೇ ಶಿರಸಿಯ ವಕೀಲರೊಬ್ಬರ ಜೊತೆ ಕುಳಿತು ಮುಗಿಸಿಕೊಳ್ಳಿ. ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಅನುಭೋಗದ ಸೌಲಭ್ಯವೇ ಹೊರತು ಮಾಲೀಕತ್ವವಲ್ಲವಾದ್ದರಿಂದ, ಆಸ್ತಿಯ ಮೌಲ್ಯಮಾಪನ ವರದಿಯಲ್ಲಿ ಅದನ್ನು ಸೇರಿಸಬೇಡಿ.

ದಾಖಲೆಗಳಲ್ಲಿ ಹೆಸರಿನ ಹೊಂದಾಣಿಕೆಯನ್ನು ಇಂದಿನಿಂದಲೇ ಸರಿಮಾಡಿಸಿ. ನಮ್ಮ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಹಣಿಯಲ್ಲಿ ತಂದೆಯ ಮತ್ತು ಅಜ್ಜನ ಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಬೇರೊಂದು ಕಾಗುಣಿತ ಇರುವುದು ಸಾಮಾನ್ಯ. ಮೂರೂ ಒಬ್ಬರದೇ ಎಂದು ಹೊರದೇಶದ ಅಧಿಕಾರಿಗೆ ತಾನಾಗಿ ಹೊಳೆಯುವುದಿಲ್ಲ.

ಕೊಟ್ಟಿರುವ 2 ಲಕ್ಷ ಮುಂಗಡವನ್ನು ಬಿಟ್ಟುಬಿಡಬೇಡಿ. ಕೆನಡಾದ ವಲಸೆ ಸಲಹೆಗಾರರಿಗೆ ‘ಕಾಲೇಜ್’ ಎಂದು ಕರೆಯಲಾಗುವ ಅಲ್ಲಿನ ನಿಯಂತ್ರಣ ಸಂಸ್ಥೆಯ ಪರವಾನಗಿ ಇರಬೇಕು, ಅದರ ಸಾರ್ವಜನಿಕ ನೋಂದಣಿ ಪುಸ್ತಕದಲ್ಲಿ ನಿಮ್ಮ ಕಡತ ನೋಡುತ್ತಿರುವವರ ಹೆಸರು ಇದೆಯೇ ಎಂದು ಪರಿಶೀಲಿಸಿ. ನಂತರ, ಯೋಜನೆ ಮುಚ್ಚಿರುವುದನ್ನು ಉಲ್ಲೇಖಿಸಿ ಹಣ ಹಿಂದಿರುಗಿಸುವಂತೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳುಹಿಸಿ. ಉತ್ತರ ಬಾರದಿದ್ದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಸಲಹಾ ಸಂಸ್ಥೆ ಎಲ್ಲಿಯೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲಿ ದೂರು ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಹಣವನ್ನು ಕಂಪನಿಯ ಖಾತೆಯಿಂದಲ್ಲದೆ ನಿಮ್ಮ ಖಾತೆಯಿಂದ ಕೊಟ್ಟಿರುವುದು, ಇದು ವಾಣಿಜ್ಯ ವ್ಯವಹಾರವೆಂಬ ಅವರ ಆಕ್ಷೇಪವನ್ನು ಎದುರಿಸಲು ನೆರವಾಗುತ್ತದೆ. ರಸೀದಿ, ವಾಟ್ಸಾಪ್ ಸಂದೇಶಗಳು ಮತ್ತು ಬ್ಯಾಂಕ್ ವಿವರದ ಪ್ರತಿಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ.